ಮದ್ಯಪಾನ: ಹೌದು / ಇಲ್ಲ

ನಮ್ಮ ಆಸ್ಪತ್ರೆಯಲ್ಲಿ ಕುಡಿಯದೇ ಇದ್ದ ಗಂಡಸು ಒಬ್ಬರೇ ಒಬ್ಬರು. ಕುಡುಕ ಎಂಬ ಬಿರುದು ಇದ್ದದ್ದೂ ಅವರೊಬ್ಬರಿಗೇ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಅವರು ಕಾಡಂಚಿನ ಇರುಳಿಗರ ಕಾಲೋನಿಯವರು, ನಾವು ಊರಿನವರು. ಊರಿನವರು ಕುಡಿದರೆ ಅದು ಪಾರ್ಟಿ. ಕಾಲೋನಿಯವರು ಕುಡಿದರೆ ಅದು ಕುಡಿತ. ಕಾಲೋನಿಯವರು ಕುಡಿಯದೇ ಇದ್ದರೆ ಅದು ನಾಟಕ.

ಅವರು ತೀರಿಕೊಂಡು ಒಂದು ವರ್ಷವಾಯಿತು. ನಾನೂ ನಿವೃತ್ತನಾಗಿ ಚಿಕ್ಕರಸಿನಕೆರೆಯ ನಮ್ಮ ಮನೆಯ ಜಗಲಿಯ ಮೇಲೆ ಪೇಪರು ಹಿಡಿದು ಕೂತಿದ್ದೇನೆ. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿ ಅವರ ಹೆಂಡತಿಯನ್ನು ಕೇಳಿದೆ. "ಬರ್ಕಳಿ ಸಾ, ಆದ್ರೆ ಹೆಸ್ರು ಆಕ್ಬೇಡಿ. ಓದ್ದೋರು ಅದ್ಕೂ ಏನಾರ ಸೇರಿಸ್ಕತಾರೆ" ಅಂದರು. ಹೆಸರು ಬಿಡುವುದು ನನಗೇನೂ ಕಷ್ಟವಾಗಲಿಲ್ಲ. ಇಪ್ಪತ್ತೆರಡು ವರ್ಷ ಜೊತೆಯಲ್ಲಿ ಕೆಲಸ ಮಾಡಿದರೂ ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದಿರಲಿಲ್ಲ. ಹೆಸರು ಹಾಜರಿ ಪುಸ್ತಕದಲ್ಲಿತ್ತು. ಬಾಯಲ್ಲಿ ಮಾತ್ರ "ಏ ಕಾಲೋನಿ, ಬಾರ್ಲಾ ಇಲ್ಲಿ."

ಈಗ ನೋಡಿ, ಅವರು ಇವರು ಅಂತ ಗೌರವದಿಂದ ಬರೆಯುತ್ತಿದ್ದೇನೆ. ನನಗಿಂತ ನಾಲ್ಕು ತಿಂಗಳಿಗಾದರೂ ದೊಡ್ಡವರಾದ ಅವರಿಗೆ ಬದುಕಿದ್ದಾಗ ಒಂದು ಸಲವೂ ಬನ್ನಿ ಹೋಗಿ ಅಂದವನಲ್ಲ. ಸತ್ತ ಮೇಲೆ ಮರ್ಯಾದೆ ಕೊಡುವುದರಲ್ಲಿ ನಮ್ಮ ಕಡೆಯವರು ಧಾರಾಳಿಗಳು.

ಆಸ್ಪತ್ರೆ ಎಂದರೆ ದೊಡ್ಡದೇನಲ್ಲ. ಮಳವಳ್ಳಿಯಿಂದ ಪ್ರೈವೇಟ್ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕುಲುಕಿಸಿಕೊಂಡು ಹೋದರೆ ಸಿಗುವ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ನಾನು ಅಲ್ಲಿ ಲ್ಯಾಬ್ ಟೆಕ್ನಿಶಿಯನ್. ರಕ್ತ, ಕಫ, ಮೂತ್ರ ಇವುಗಳ ಅಧಿಪತಿ. ಅವರು ಡಿ ಗ್ರೂಪ್ ನೌಕರ. ಅಂದರೆ ಬಾಗಿಲು ತೆಗೆಯುವುದು, ನೆಲ ಒರೆಸುವುದು, ಗಾಯ ಕಟ್ಟುವುದು, ಲಸಿಕೆಯ ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಹಳ್ಳಿಹಳ್ಳಿಗೆ ನಡೆಯುವುದು, ನನ್ನ ಲ್ಯಾಬಿನ ಸೂಜಿಗಳನ್ನು ಎತ್ತಿ ಬಿಸಾಕುವುದು. ಉಳಿದ ಸಮಯದಲ್ಲಿ ಆಸ್ಪತ್ರೆ ನಡೆಸುವುದು.

ಸಣ್ಣ ಮಕ್ಕಳ ಕೈಯಲ್ಲಿ ನರ ಹುಡುಕುವುದು ನನಗೆ ಯಾವತ್ತೂ ತಲೆನೋವು. ಮಗು ಕಿರುಚುತ್ತಿತ್ತು, ತಾಯಿ ಅಳುತ್ತಿದ್ದಳು, ನಾನು ಬೆವರುತ್ತಿದ್ದೆ. ಅವರು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮೊದಲು ತಮ್ಮ ಕಿವಿಯ ತುದಿಯನ್ನು ಒಮ್ಮೆ ಉಜ್ಜಿಕೊಂಡು, ಮಗುವಿನ ಮುಂಗೈ ಮೇಲೆ ಒಂದು ಬೆರಳಿಟ್ಟು, "ಇಲ್ಲೈತೆ ನೋಡಿ ಸಾ" ಅನ್ನುತ್ತಿದ್ದರು. ಅಲ್ಲೇ ಇರುತ್ತಿತ್ತು. ಸರ್ಟಿಫಿಕೇಟು ನನ್ನದು, ಬೆರಳು ಅವರದು. ಮಗುವಿನ ತಾಯಿ ಕೈಮುಗಿಯುತ್ತಿದ್ದದ್ದು ನನಗೆ.

ಬೆಳಿಗ್ಗೆ ಹಾಜರಿ ಹಾಕುವುದರಲ್ಲಿ ಅವರಿಗೊಂದು ವಿಶೇಷ ಸೌಲಭ್ಯವಿತ್ತು. ನಾವೆಲ್ಲ ಸಹಿ ಹಾಕಿ ಒಳಗೆ ಹೋದರೆ ಅವರು ಮಾತ್ರ ಡಾಕ್ಟರ ಮೇಜಿನ ಹತ್ತಿರಕ್ಕೆ ಹೋಗಿ ಬಗ್ಗಿ ಸಹಿ ಹಾಕಬೇಕು. ಡಾಕ್ಟರು ಪೆನ್ನು ಕೊಡುವ ನೆಪದಲ್ಲಿ ಮೂಗು ಮುಂದೆ ಮಾಡುತ್ತಿದ್ದರು. ಡಾಕ್ಟರುಗಳು ಬದಲಾದರು, ಮೂಗಿನ ಕೆಲಸ ಬದಲಾಗಲಿಲ್ಲ. ಒಬ್ಬರು ಹೋಗುವಾಗ ಇನ್ನೊಬ್ಬರಿಗೆ ಬೀರುವಿನ ಕೀಲಿಕೈ ಜೊತೆಗೆ ಇದನ್ನೂ ಹೇಳಿ ಹೋಗುತ್ತಿದ್ದರೇನೋ. ಒಂದು ಕಾಲದಲ್ಲಿ ಅವರು ಎಲೆಅಡಿಕೆ ಹಾಕುತ್ತಿದ್ದರು. "ವಾಸನೆ ಮುಚ್ಚಕ್ಕೆ" ಎಂದು ಮಾತಾಯಿತು. ಎಲೆಅಡಿಕೆ ಬಿಟ್ಟರು. "ನೋಡು, ಸಿಕ್ಕಾಕ್ಕೊಂಡ ಮೇಲೆ ಬಿಟ್ಟ" ಎಂದು ಮಾತಾಯಿತು. ಆ ಹೊತ್ತಿಗೆ ನಿಡಘಟ್ಟದಿಂದ ಬರುತ್ತಿದ್ದ ನಮ್ಮ ಫಾರ್ಮಸಿಸ್ಟು ಔಷಧಿ ಕೊಡುವ ಕಿಟಕಿಯಲ್ಲಿ ಮಾತ್ರೆ ಎಣಿಸಲಾಗದೆ ಗೋಡೆ ಹಿಡಿದು ನಿಂತಿರುತ್ತಿದ್ದ. ಅವನಿಗೆ ಬಿ.ಪಿ. ಇತ್ತು ಎಂದು ನಾವೆಲ್ಲ ನಂಬಿದ್ದೆವು.

ಒಂದು ಪ್ರಸಂಗ ಹೇಳಲೇಬೇಕು. ನಮ್ಮ ಕಡೆ ಒಬ್ಬ ಮಾಜಿ ಅಧ್ಯಕ್ಷರಿದ್ದಾರೆ. ಪಂಚಾಯ್ತಿ ಅಧ್ಯಕ್ಷಗಿರಿ ಹೋಗಿ ಬಹಳ ಕಾಲವಾಯಿತು, ಕರೆಯುವುದು ಮಾತ್ರ ಇನ್ನೂ ಅಧ್ಯಕ್ಷರೇ ಅಂತ. ಗದ್ದೆ, ಕಬ್ಬು, ಟ್ರ್ಯಾಕ್ಟರು ಎಲ್ಲ ಉಂಟು, ನನಗೆ ದೂರದಿಂದ ಚಿಕ್ಕಪ್ಪನೂ ಆಗಬೇಕು. ಒಂದು ಮಟಮಟ ಮಧ್ಯಾಹ್ನ ಯಾರದೋ ಬೀಗರೂಟ ಮುಗಿಸಿ ಬರುವಾಗ ಬೈಕಿನಿಂದ ಬಿದ್ದು ಹಣೆ ಒಡೆದುಕೊಂಡು ಬಂದರು. ಡಾಕ್ಟರು ಹೊಲಿಗೆ ಹಾಕುತ್ತಿದ್ದರೆ ತಲೆ ಹಿಡಿದುಕೊಂಡವರು ಇವರು. ಆರನೇ ಹೊಲಿಗೆಗೆ ಅಧ್ಯಕ್ಷರು ಬೀಗರೂಟವನ್ನೂ ಅದರ ಜೊತೆಗೆ ಇಳಿಸಿದ್ದನ್ನೂ ಇವರ ಅಂಗಿಯ ಮೇಲೆ ಕಕ್ಕಿದರು. ಇವರು ತಲೆ ಬಿಡಲಿಲ್ಲ. ಆಮೇಲೆ ನಲ್ಲಿಯಲ್ಲಿ ಅಂಗಿ ಹಿಂಡಿ, ಒದ್ದೆಯದ್ದನ್ನೇ ತೊಟ್ಟು ಕೆಲಸಕ್ಕೆ ನಿಂತರು.

ಸಂಜೆ ಯಾವುದೋ ತಪಾಸಣೆಗೆ ಮೇಲಿನವರೊಬ್ಬರು ಬಂದರು. ಬಾಗಿಲಲ್ಲಿ ಇವರನ್ನು ದಾಟಿದ ತಕ್ಷಣ ಮೂಗು ಮುಚ್ಚಿಕೊಂಡರು. ಎರಡು ದಿನಕ್ಕೆ ಮೆಮೋ ಬಂತು. ಕರ್ತವ್ಯದ ವೇಳೆ ಮದ್ಯದ ವಾಸನೆ, ಉತ್ತರ ಕೊಡಿ ಎಂದು. ಅವರು ದಪ್ಪಕ್ಷರದಲ್ಲಿ ಒಂದೇ ಸಾಲು ಬರೆದು ನನಗೆ ತೋರಿಸಿದರು: ವಾಸನೆ ನನ್ನದಲ್ಲ, ಅಧ್ಯಕ್ಷರದ್ದು.

"ಅಯ್ಯೋ, ಇಂಗೆಲ್ಲಾ ಬರೀಬ್ಯಾಡ ಕಣ್ಲಾ. ಸ್ಪಿರಿಟ್ ಚೆಲ್ಲಿತ್ತು ಅಂತ ಬರಿ" ಅಂದೆ ನಾನು, ಚಿಕ್ಕಪ್ಪನ ಮಾನ ನೆನೆದು.

"ಚೆಲ್ಲಿರ್ಲಿಲ್ವಲ್ಲ ಸಾ."

"ಬರಿ ಅಂದ್ರೆ ಬರಿ."

ಬರೆದರು. ಸರ್ಕಾರಿ ಸ್ಪಿರಿಟ್ಟು ಚೆಲ್ಲಿದ್ದಕ್ಕೆ ಎಚ್ಚರಿಕೆ ಪತ್ರ ಬಂತು. ಅಧ್ಯಕ್ಷರ ಕೇಸ್ ಶೀಟಿನಲ್ಲಿ ನಾಯಿ ಅಡ್ಡ ಬಂದು ಬಿದ್ದರು ಎಂದಿತ್ತು. ಆ ನಾಯಿಯನ್ನು ಕಂಡವರು ಯಾರೂ ಇಲ್ಲ.

ಅವರು ಕುಡಿಯುವುದಿಲ್ಲ ಎಂಬುದನ್ನು ನಂಬದಿದ್ದರೂ ಯಾಕೆ ಕುಡಿಯುವುದಿಲ್ಲ ಎಂಬುದು ನಮಗೆಲ್ಲ ದೊಡ್ಡ ಕುತೂಹಲ. ಕುಡಿಯುವ ನಮ್ಮನ್ನು ಯಾರೂ ಕಾರಣ ಕೇಳುತ್ತಿರಲಿಲ್ಲ, ಕುಡಿಯದ ಅವರನ್ನು ಮಾತ್ರ ನಾವು ಕೇಳುತ್ತಿದ್ದೆವು. ಅವರೂ ಒಂದೊಂದು ಸಲ ಒಂದೊಂದು ಹೇಳುತ್ತಿದ್ದರು. "ಇವತ್ತು ಸನಿವಾರ ಸಾ." "ಅಲ್ಲು ನೋವು ಸಾ." "ನೀವೆಲ್ಲಾ ಕುಡ್ಯಾಕೆ ಓದ್ರೆ ಬೀಗ ಆಕೋರು ಯಾರು ಸಾ?" ಮುಖದಲ್ಲಿ ನಗೆ ಇರುತ್ತಿರಲಿಲ್ಲ. ನಾವು ನಗುತ್ತಿದ್ದೆವು.

ನಿಜವನ್ನು ಒಮ್ಮೆ ನನಗೆ ಹೇಳಿದರು. ಪೋಲಿಯೋ ಹನಿ ಹಾಕಲು ಇಬ್ಬರೂ ಗದ್ದೆ ಬದಿಯಲ್ಲಿ ನಡೆದು ಹೋಗುತ್ತಿದ್ದೆವು. ಕಬ್ಬು ಕಡಿತದ ಕಾಲ. ನಮ್ಮ ಕಡೆ ಕಬ್ಬು ಕಡಿಸುವವರಲ್ಲಿ ಒಂದು ಪದ್ಧತಿ ಇದೆ. ಬೆಳಿಗ್ಗೆ ಗದ್ದೆಗೆ ಇಳಿಯುವ ಮುಂಚೆ ಆಳಿಗೊಂದು ಹೆಂಡದ ಪಾಕೀಟು, ಸಂಜೆ ಕೂಲಿಯ ಜೊತೆಗೆ ಇನ್ನೊಂದು. ಕೊಟ್ಟರೆ ಆಳು ನಿಲ್ಲದೆ ಕಡಿಯುತ್ತಾನೆ, ನಾಳೆಯೂ ತಾನಾಗಿ ಬರುತ್ತಾನೆ. ಮಚ್ಚನ್ನು ಮಸೆದ ಹಾಗೆ ಮನುಷ್ಯನನ್ನೂ ಮಸೆದುಕೊಳ್ಳುವುದು. ನಮ್ಮ ದೊಡ್ಡಪ್ಪನ ಗದ್ದೆಗೆ ಆ ಪಾಕೀಟಿನ ಪೆಟ್ಟಿಗೆಗಳನ್ನು ಮಳವಳ್ಳಿಯಿಂದ ನಾನೇ ಬೈಕಿನಲ್ಲಿ ಕಟ್ಟಿಕೊಂಡು ಬಂದಿದ್ದೇನೆ. ಸಂಜೆ ಅದೇ ದೊಡ್ಡಪ್ಪ ಜಗಲಿ ಮೇಲೆ ಕೂತು, "ಈ ಕಾಲೋನಿಯೋರು ಕುಡ್ದು ಕುಡ್ದೇ ಆಳಾಗೋದ್ರು ಕಣ್ಲಾ" ಎಂದು ನೊಂದುಕೊಳ್ಳುತ್ತಿದ್ದ. ನಾಟಕವಲ್ಲ, ನಿಜವಾಗಿಯೇ ನೊಂದುಕೊಳ್ಳುತ್ತಿದ್ದ.

ಗದ್ದೆಯಲ್ಲಿ ಸಾಲಾಗಿ ನಿಂತು ಪಾಕೀಟು ಹಲ್ಲಲ್ಲಿ ಕಚ್ಚಿ ಹರಿಯುತ್ತಿದ್ದವರನ್ನು ನೋಡಿ ಅವರು ಅಂದರು:

"ನಮ್ಮಣ್ಣ ಒಳ್ಳೆ ಕಡಿಯೋನು ಸಾ. ಅವನ್ಗೆ ಒಂದು ಜಾಸ್ತಿನೇ ಕೊಡೋರು. ಅವನ್ನ ಮಣ್ಣು ಮಾಡಿ ಬಂದ ದಿವ್ಸ ನಮ್ಮವ್ವ ನನ್ ಕೈನ ತಲೆ ಮ್ಯಾಲೆ ಮಡಿಕ್ಕಂಡು ಆಣೆ ತಕ್ಕಂಡ್ಳು. ಅಷ್ಟೇಯ."

"ಅಷ್ಟೇನಾ?"

"ಇನ್ನೇನ್ ಬೇಕು ಸಾ?"

ಎದುರಿಗಿದ್ದ ಆ ಗದ್ದೆ ನಮ್ಮ ದೊಡ್ಡಪ್ಪನದಾ ಎಂದು ಅವರು ಕೇಳಲಿಲ್ಲ. ಅವರಿಗೆ ಗೊತ್ತಿತ್ತು.

ಇಷ್ಟು ಗೊತ್ತಿದ್ದೂ ನಾನು ಮಾಡಿದ್ದೇನು ಎಂಬುದು ಮುಂದಿನ ಮಾತು. ಒಂದು ವರ್ಷ ನಮ್ಮ ಆಸ್ಪತ್ರೆಗೆ ಕಾಲೋನಿಯಲ್ಲಿ ವ್ಯಸನಮುಕ್ತಿ ಮತ್ತು ಆರೋಗ್ಯ ತಪಾಸಣಾ ಶಿಬಿರ ಮಾಡಬೇಕೆಂದು ಆದೇಶ ಬಂತು. ಒಬ್ಬೊಬ್ಬರಿಗೂ ಒಂದು ಫಾರಂ. ಹೆಸರು, ವಯಸ್ಸು, ತೂಕ, ಬಿ.ಪಿ. ಅದರ ಕೆಳಗೆ 'ಮದ್ಯಪಾನ: ಹೌದು / ಇಲ್ಲ'. ತುಂಬಿದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿದರೆ ಆಯಿತು, ಆಮೇಲೆ ಯಾವ ಆಸ್ಪತ್ರೆಗೆ ಹೋದರೂ ನಂಬರು ಒತ್ತಿದ ಕೂಡಲೇ ಮನುಷ್ಯನ ಜಾತಕ ಬರುತ್ತದೆ.

ಕಾಲೋನಿಯಲ್ಲಿ ಅಷ್ಟೊಂದು ಜನರನ್ನು ಒಂದೇ ದಿನದಲ್ಲಿ ಕೇಳಿ ಬರೆಯುವುದು ಆಗದ ಮಾತು ಎಂದು ನನ್ನ ತೀರ್ಮಾನ. ಭಾನುವಾರ ಮಧ್ಯಾಹ್ನ ಮನೆಯಲ್ಲೇ ಮತದಾರರ ಪಟ್ಟಿ ಮುಂದಿಟ್ಟುಕೊಂಡು ಕೂತೆ. ಊಟಕ್ಕೆ ಕೋಳಿಸಾರು ಆಗಿತ್ತು. ಪಕ್ಕದಲ್ಲಿ ನನ್ನ ತೊಂಬತ್ತು ಎಂ.ಎಲ್. ಇತ್ತು. ಒಂದು ಗುಟುಕು, ಒಂದು ಫಾರಂ, ಒಂದು ಟಿಕ್ಕು. ಹೌದು, ಹೌದು, ಹೌದು. ಹೆಂಗಸರಿಗೂ ಹೌದು, ಯಾಕೆಂದರೆ ನಡುವೆ 'ಇಲ್ಲ' ಹುಡುಕಿ ಹಾಕಿದರೆ ಕೈ ತಡೆಯುತ್ತಿತ್ತು. ಆಮೇಲೆ ಗೊತ್ತಾಯಿತು, ಮೂರು ವರ್ಷದ ಹಿಂದೆ ಸತ್ತಿದ್ದ ಒಬ್ಬ ಮುದುಕಿಯೂ ನನ್ನ ಫಾರಂನಲ್ಲಿ ಕುಡಿಯುತ್ತಿದ್ದಳು.

ಶಿಬಿರದ ದಿನ ಶಾಮಿಯಾನ ಹಾಕಿಸಿದ್ದೆವು. ವೇದಿಕೆಯ ಮೇಲೆ ಅಧ್ಯಕ್ಷರೇ ಮುಖ್ಯ ಅತಿಥಿ. ಬೆಳಿಗ್ಗೆ ಹನ್ನೊಂದು ಗಂಟೆಗೆ ದೀಪ ಹಚ್ಚುವಾಗ ಅವರ ಕೈ ನಡುಗಿ ಬೆಂಕಿಕಡ್ಡಿ ನಾಲ್ಕು ಸಲ ಆರಿತು. ಐದನೇ ಸಲ ಅವರ ಮುಂಗೈ ಹಿಡಿದುಕೊಂಡು ದೀಪ ಹಚ್ಚಿಸಿದವರು ಯಾರು ಎಂದು ಬೇರೆ ಹೇಳಬೇಕಿಲ್ಲ. ಅಧ್ಯಕ್ಷರು ಮೈಕು ಹಿಡಿದು, "ನೋಡ್ರಪ್ಪ, ಕುಡಿತ ಮನೆ ಮುರೀತದೆ. ಬುಟ್ಬುಡಿ" ಎಂದು ಅರ್ಧ ಗಂಟೆ ಬುದ್ಧಿ ಹೇಳಿದರು. ಎದುರಿಗೆ ಕೂತವರಲ್ಲಿ ಅವರ ಗದ್ದೆಯಲ್ಲೇ ಪಾಕೀಟು ಈಸಿಕೊಂಡವರು ತಲೆಯಾಡಿಸಿದರು.

ಮ್ಯಾಟು ಹಾಸಿ, ನೀರು ಕೊಟ್ಟು, ಫಾರಂ ಹಂಚಿ ಬಂದ ಮೇಲೆ ಇವರು ಒಂದು ಫಾರಂ ಹಿಡಿದು ನನ್ನ ಹತ್ತಿರ ಬಂದರು. ಅವರದೇ. ಕಾಲೋನಿಯ ಪಟ್ಟಿಯಲ್ಲಿ ಅವರ ಹೆಸರೂ ಇತ್ತಲ್ಲ.

"ಸಾ, ಇದ್ರಾಗೆ ಹೌದು ಅಂತ ಐತೆ."

"ಎಲ್ರದ್ದೂ ಅಂಗೇ ಅದೆ ಬುಡ್ಲಾ."

"ಎಲ್ರೂ ಕುಡ್ಯಾಕಿಲ್ಲ ಸಾ. ಆ ಮೂಲೆ ಮನೆಯೋರು ಕುಡ್ಯಾಕಿಲ್ಲ, ಬಾವಿ ತಾವ್ಲೋರು ಕುಡ್ಯಾಕಿಲ್ಲ, ನಮ್ಮತ್ತಿಗೆ ಮುಟ್ಟಾಕಿಲ್ಲ. ಕೇಳ್ಬುಟ್ಟು ಬರ್ಕಬೇಕಲ್ವಾ ಸಾ?"

"ಆಮ್ಯಾಲೆ ತಿದ್ದಾನ. ಈಗ ಓಗಿ ಉಪ್ಪಿಟ್ಟು ಬಡ್ಸು."

ಅವರು ಕಿವಿಯ ತುದಿ ಉಜ್ಜಿಕೊಳ್ಳುತ್ತ ಹೋದರು. ಫಾರಂಗಳು ಕಂಪ್ಯೂಟರಿಗೆ ಹೋದವು. ಮಂಡ್ಯದಲ್ಲಿ ನಡೆದ ಒಂದು ಸಭೆಯಲ್ಲಿ ನಮ್ಮ ವರದಿಗೆ ಚಪ್ಪಾಳೆ ಬಿತ್ತು. ಒಂದೂ ಕಾಲಂ ಖಾಲಿ ಬಿಡದ ವರದಿ ಅದು.

ಎರಡು ವರ್ಷ ಕಳೆಯಿತು. ಅವರಿಗೆ ಸುಸ್ತು ಶುರುವಾಯಿತು. ಐಸ್ ಡಬ್ಬಿ ಹೊತ್ತು ದಾರಿಯಲ್ಲಿ ಎರಡು ಕಡೆ ಕೂರತೊಡಗಿದರು. ಊಟ ಸೇರದು. ಕಣ್ಣು ಹಳದಿ. ಡಾಕ್ಟರು ನೋಡಿ, "ಕುಡಿಯೋದು ನಿಲ್ಲಿಸಿ ಅಂದ್ರೆ ನಿಲ್ಲಿಸಲ್ಲ ನೀವು ಜನ" ಎಂದು ಬೈದು ಪೇಟೆಯ ಒಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ, ಎಲ್ಲಿ ಹೋಗಿದ್ದರೂ ಆಗುತ್ತಿದ್ದದ್ದು ಅದೇ. ಅಲ್ಲಿ ನಂಬರು ಒತ್ತಿದರು. ನನ್ನ ಭಾನುವಾರದ ಟಿಕ್ಕು ಪರದೆಯ ಮೇಲೆ ಬಂತು. ಊರು ನೋಡಿದರು, ಕಾಲೋನಿ ನೋಡಿದರು, ಕಣ್ಣಿನ ಹಳದಿ ನೋಡಿದರು. ಇನ್ನು ನೋಡುವುದಕ್ಕೆ ಏನು ಉಳಿದಿದೆ? ಮೊದಲು ಕುಡಿತ ಬಿಡಿಸಿ, ಆಮೇಲೆ ಸ್ಕ್ಯಾನಿಂಗು ಎಂದು ಸಮಾಲೋಚಕರ ಹತ್ತಿರ ಕಳಿಸಿದರು.

ಹೆಚ್ಚುಕಮ್ಮಿ ಅದೇ ದಿನಗಳಲ್ಲಿ ಅಧ್ಯಕ್ಷರೂ ಹೊಟ್ಟೆ ಉಬ್ಬರ ಎಂದು ಡಾಕ್ಟರ ಹತ್ತಿರ ಬಂದಿದ್ದರು. ಅವರಿಗೆ ರಕ್ತ ಪರೀಕ್ಷೆ ಆಯಿತು, ಸ್ಕ್ಯಾನಿಂಗ್ ಆಯಿತು. ಲಿವರಿನಲ್ಲಿ ಒಸಿ ಕೊಬ್ಬು ಸೇರಿದೆ, ಕರಿದದ್ದು ಕಮ್ಮಿ ಮಾಡಿ ಎಂದರು. ಅಧ್ಯಕ್ಷರು ಅಂದಿನಿಂದ ಬೋಂಡ ಬಿಟ್ಟರು.

ಇವರು ವಾರಕ್ಕೊಂದು ದಿನ ಬಸ್ಸು ಹತ್ತಿ ಹೋಗಿ ಹತ್ತು ಜನ ಕುಡುಕರ ಜೊತೆ ಸುತ್ತಲೂ ಕುರ್ಚಿ ಹಾಕಿಕೊಂಡು ಕೂತು ಬಂದರು. ಸಮಾಲೋಚಕರು ಒಳ್ಳೆಯ ಮನುಷ್ಯರಂತೆ. ತಪ್ಪು ಒಪ್ಪಿಕೊಳ್ಳುವುದೇ ಮೊದಲ ಹೆಜ್ಜೆ ಎಂದರಂತೆ. ಇವರು ಕುಡಿಯುವುದಿಲ್ಲ ಎಂದರೆ, ಹೀಗೆ ನಿರಾಕರಿಸುವುದೇ ಕಾಯಿಲೆಯ ದೊಡ್ಡ ಲಕ್ಷಣ ಎಂದು ಬರೆದುಕೊಂಡರಂತೆ. ಎರಡು ವಾರ ಇಲ್ಲ ಎಂದರು. ಮೂರನೇ ವಾರ ಹೊಟ್ಟೆ ಉಬ್ಬಿ, ಕಾಲು ಊದಿಕೊಂಡು, ಕುರ್ಚಿಯಲ್ಲಿ ಕೂರಲಾಗದೆ ಹೌದು ಎಂದುಬಿಟ್ಟರು. ಸುತ್ತ ಕೂತಿದ್ದ ಹತ್ತೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾರ್ಡಿನಲ್ಲಿ 'ಸುಧಾರಣೆ ಇದೆ' ಎಂದು ಬಿತ್ತು. ಕುಡಿಯದವನಿಗೆ ಕುಡಿತ ಬಿಡಿಸುವುದರಲ್ಲಿ ನಮ್ಮ ವ್ಯವಸ್ಥೆ ಪೂರ್ತಿ ಯಶಸ್ವಿಯಾಯಿತು.

ಮಾರನೇ ದಿನ ಲ್ಯಾಬಿನ ಬಾಗಿಲಲ್ಲಿ ಬಂದು ನಿಂತರು. ಕೂರಲು ಹೇಳಿದೆ. ಕುರ್ಚಿಯಲ್ಲಿ ಎಂದೂ ಕೂರದವರು ಅವತ್ತು ಕೂತರು.

"ಕುಡೀತೀನಿ ಅಂತ ಒಪ್ಕಂಡ್ಬುಟ್ಟೆ ಸಾ. ಅಂಗಂದ್ರೆ ಮುಂದ್ಕೆ ಕಳಿಸ್ತಾರೆ ಅಂದ್ರು."

ನಾನು ಮೈಕ್ರೋಸ್ಕೋಪಿನ ಗಾಜು ಒರೆಸತೊಡಗಿದೆ.

"ಕುಡ್ದು ಒಪ್ಕಂಡಿದ್ರೆ ಆಗೋದು. ಕುಡೀದೆ ಒಪ್ಕಂಡೆ. ನಮ್ಮವ್ವ ಕೇಳುದ್ರೆ ಏನ್ ಯೋಳ್ಲಿ ಸಾ?"

ಅವರವ್ವ ಸತ್ತು ಎಷ್ಟೋ ವರ್ಷವಾಗಿತ್ತು. ಮೇಲೆ ಹೋದಾಗ ಕೇಳುತ್ತಾಳಲ್ಲ, ಅದರ ಚಿಂತೆ ಅವರಿಗೆ. ನನಗೆ ಮೊದಲ ಸಲ ಭಯವಾಯಿತು.

ಆಮೇಲೆ ಅವರೇ ತೋಳು ಮುಂದೆ ಮಾಡಿದರು. "ನೀವೇ ಒಸಿ ರಕ್ತ ನೋಡಿ ಸಾ. ಬಸುರಿ ಹೆಂಗುಸ್ರಿಗೆ ನೋಡ್ತೀರಲ್ಲ, ಅದ್ನೇಯ."

ಅವರ ನರ ಹುಡುಕಲು ಮಾತ್ರ ಅವರ ಬೆರಳು ಬೇಕಾಗಲಿಲ್ಲ. ತೋಳು ಅಷ್ಟು ಬಡವಾಗಿತ್ತು. ಬಸುರಿಯರಿಗೆ ಮಾಡುವ ಹೆಪಟೈಟಿಸ್ ಬಿ ಪರೀಕ್ಷೆಯ ಪಟ್ಟಿಗಳು ನನ್ನ ಬೀರುವಿನಲ್ಲಿ ಯಾವಾಗಲೂ ಡಬ್ಬಿ ತುಂಬ ಇರುತ್ತಿದ್ದವು. ರಕ್ತದಿಂದ ಹರಡುವ ಕಾಮಾಲೆ ಅದು. ಮೂರು ಹನಿ ರಕ್ತ, ಹದಿನೈದು ನಿಮಿಷ. ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ಇದೆ. ಎರಡನೇ ಗೆರೆ ಐದೇ ನಿಮಿಷಕ್ಕೆ ಬಂತು.

ಎಲ್ಲಿಂದ ಬಂತೋ ದೇವರೇ ಬಲ್ಲ. ಆದರೆ ಸೂಜಿ ಕತ್ತರಿಸುವ ಯಂತ್ರ ಕೆಟ್ಟು ನಿಂತಿದ್ದ ವರ್ಷಗಳಲ್ಲಿ ನನ್ನ ಸೂಜಿಗಳನ್ನು ಬರಿಗೈಯಲ್ಲಿ ಎತ್ತಿದವರು ಅವರು. ಎಷ್ಟೋ ಸಲ ಬೆರಳು ಚುಚ್ಚಿಕೊಂಡು ಬಾಯಲ್ಲಿ ಚೀಪಿಕೊಂಡದ್ದನ್ನು ನಾನೇ ನೋಡಿದ್ದೇನೆ. ಈ ಕಾಮಾಲೆಗೆ ಲಸಿಕೆ ಇದೆ. ಆಸ್ಪತ್ರೆಯಲ್ಲಿ ನಮಗೆಲ್ಲ ಹಾಕಿದ್ದರು. ಡಿ ಗ್ರೂಪಿನವರಿಗೆ ಮುಂದಿನ ಸಲ ಎಂದಿದ್ದರು. ಮುಂದಿನ ಸಲ ಬರಲಿಲ್ಲ.

ಪರೀಕ್ಷೆಯ ಚೀಟಿ ಹಿಡಿದುಕೊಂಡು ಈ ಸಲ ನಾನೇ ಜೊತೆಗೆ ಹೋಗಿ ಮೈಸೂರಿನಲ್ಲಿ ತೋರಿಸಿದೆ. ದಿನಕ್ಕೊಂದು ಮಾತ್ರೆ ಎಂದು ಬರೆದುಕೊಟ್ಟರು. ಅಲ್ಲಿನ ಡಾಕ್ಟರಮ್ಮ, "ಒಂದು ವರ್ಷ ಮುಂಚೆ ಬಂದಿದ್ದರೆ" ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಒಂದು ವರ್ಷ ಮುಂಚೆ ಇವರು ದಿನಾ ಬೆಳಿಗ್ಗೆ ನನ್ನ ಬೀರುವಿನ ಧೂಳು ಒರೆಸುತ್ತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕೇಳಿದ್ದು ಒಂದೇ. "ಆ ಟಿಕ್ಕೊಂದು ತೆಗ್ಸಿ ಸಾ. ಮಿಕ್ಕಿದ್ದು ಆದಂಗಾಯ್ತದೆ. ಯಾರ್ ಆಕಿದ್ರೋ ಏನೋ, ಕೇಳ್ದೇನೆ ಆಕವ್ರೆ."

ಯಾರು ಹಾಕಿದ್ದು ಎಂದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಕೇಳಿ ನನಗೆ ದಾರಿ ಬಿಟ್ಟುಕೊಟ್ಟರು. ನಾನು ಆ ದಾರಿಯಲ್ಲೇ ಹೋದೆ. "ಕಂಪ್ಯೂಟ್ರಲ್ಲಿ ಏನೋ ಎಡವಟ್ಟಾಗದೆ. ನಾಳೆನೇ ತಿದ್ದುಸ್ತೀನಿ" ಅಂದೆ.

ತಿದ್ದಿಸುವುದು ಸುಲಭ. ಒಂದು ಪತ್ರ ಬರೆಯಬೇಕು, ಅಷ್ಟೇ. ಆ ಪತ್ರದಲ್ಲಿ ತಪ್ಪು ಮಾಹಿತಿ ತುಂಬಿದವರು ಯಾರು, ಹೇಗೆ ತುಂಬಿದರು ಎಂದು ಬರೆದು ಸಹಿ ಹಾಕಬೇಕು. ಆಮೇಲೆ ಕಾಲೋನಿಯ ಎಲ್ಲ ಫಾರಂಗಳನ್ನೂ ತೆಗೆಯುತ್ತಾರೆ, ಸತ್ತ ಮುದುಕಿಯೂ ಎದ್ದು ಬರುತ್ತಾಳೆ. ನನ್ನ ನಿವೃತ್ತಿಗೆ ಏಳು ತಿಂಗಳಿತ್ತು. ಈ ವಯಸ್ಸಿನಲ್ಲಿ ವಿಚಾರಣೆ ಗಿಚಾರಣೆ ಎಂದರೆ ಮರ್ಯಾದೆ ಪ್ರಶ್ನೆ. ನನ್ನ ಮರ್ಯಾದೆ ಅಂದರೆ ಎಲ್ಲರಿಗೂ ಕಾಣುವಂಥದ್ದು. ಅವರದ್ದು ಒಂದು ಟಿಕ್ಕಿನಷ್ಟು. ನಾಳೆ ಎಂದೆ. ಅವರನ್ನು ನೋಡಲು ಹೋದಾಗಲೆಲ್ಲ, "ಆಯ್ತಾ ಸಾ?" ಅನ್ನುತ್ತಿದ್ದರು. "ಕಳ್ಸಿದೀನಿ, ಮ್ಯಾಲಿಂದ ಬರ್ಬೇಕು" ಅನ್ನುತ್ತಿದ್ದೆ. ನಾಲ್ಕು ತಿಂಗಳು ಹೀಗೇ ನಡೆಯಿತು. ಕೊನೆಯ ಸಲ ಹೋದಾಗ ಕೇಳಲಿಲ್ಲ. ನನ್ನ ಮುಖ ನೋಡಿ, ಕಿವಿಯ ಕಡೆಗೆ ಕೈ ಎತ್ತಲು ಹೋಗಿ, ಆಗದೆ ಕೈ ಬಿಟ್ಟರು. ಎರಡು ದಿನಕ್ಕೆ ಹೋದರು.

ಹನ್ನೊಂದನೇ ದಿನದ ತಿಥಿಗೆ ಆಸ್ಪತ್ರೆಯವರೆಲ್ಲ ಹೋದೆವು. ಅಧ್ಯಕ್ಷರೂ ಬಂದರು. ಹಣೆ ಹೊಲಿಸಿಕೊಂಡ ಋಣ ಅವರಿಗೆ ನೆನಪಿತ್ತು, ಮನುಷ್ಯ ಕೆಟ್ಟವರಲ್ಲ. ನಮ್ಮ ಕಡೆ ಎಡೆ ಇಡುವಾಗ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡುತ್ತಾರೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಬಾಡು ತಿನ್ನುತ್ತಿದ್ದವರಿಗೆ ಬಾಡು. ಬಾಳೆ ಎಲೆಯ ಮೇಲೆ ಮುದ್ದೆ, ಉಪ್ಪೆಸರು, ಹಲಸಿನ ತೊಳೆ, ಒಂದು ಲೋಟ ಕಾಫಿ ಇಟ್ಟಿದ್ದರು. ಅಧ್ಯಕ್ಷರು ಪಂಚೆಯ ಮಡಿಲಿನಿಂದ ಪೇಪರು ಸುತ್ತಿದ ಒಂದು ಕ್ವಾರ್ಟರ್ ಬಾಟಲಿ ತೆಗೆದು ಭಕ್ತಿಯಿಂದ ಎಲೆಯ ಪಕ್ಕ ಇಟ್ಟು ಕೈಮುಗಿದರು.

ಗೋಡೆ ಒರಗಿ ಕೂತಿದ್ದ ಅವರ ಹೆಂಡತಿ ಎದ್ದು ಬಂದರು. "ಇದ್ಯಾಕಪ್ಪ?"

"ಆಸೆ ಮಡಿಕ್ಕಂಡು ಓಗಬಾರ್ದಲ್ವೇನವ್ವ. ನಮ್ ಕೈಲಾದ್ದು."

"ಅವ್ರು ಕುಡೀತಿರ್ಲಿಲ್ಲ."

"ಆಯ್ತು ಕಣಮ್ಮ, ಆಯ್ತು." ಅಧ್ಯಕ್ಷರು ಬಹಳ ಮೃದುವಾಗಿ ಹೇಳಿದರು. "ಗಂಡನ್ನ ಬುಟ್ಟುಕೊಡೋ ಎಂಗುಸಲ್ಲ ನೀನು. ನಂಗೊತ್ತಿಲ್ವಾ."

ಆಕೆ ನನ್ನ ಕಡೆ ತಿರುಗಿದರು. "ಸಾ, ನೀವ್ ಯೋಳಿ. ರಕ್ತ ನೋಡ್ದೋರು ನೀವೇ ಅಲ್ವಾ?"

ಡಾಕ್ಟರಿದ್ದರು, ಫಾರ್ಮಸಿಸ್ಟ್ ಇದ್ದ, ಕಾಲೋನಿಯ ಜನವೆಲ್ಲ ಇದ್ದರು. ಈ ಸಲ ಹಿಂದೆ ಸರಿಯಲು ಜಾಗವಿರಲಿಲ್ಲ. ಹೇಳಿದೆ. ಇವರು ಒಂದು ತೊಟ್ಟೂ ಕುಡಿದವರಲ್ಲ, ಬಂದಿದ್ದು ಬೇರೆ ಕಾಯಿಲೆ, ಫಾರಂನಲ್ಲಿ ಹೌದು ಎಂದು ಕೇಳದೆ ಟಿಕ್ ಹಾಕಿದವನು ನಾನು, ಮನೆಯಲ್ಲಿ ಕುಡಿದುಕೊಂಡು ಕೂತು ಹಾಕಿದೆ ಎಂದು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ.

ಅಧ್ಯಕ್ಷರು ಕಣ್ಣೊರೆಸಿಕೊಂಡು ನನ್ನ ಬೆನ್ನು ತಟ್ಟಿದರು. "ನೋಡ್ರಪ್ಪ, ಇಂಗಿರ್ಬೇಕು. ಸತ್ತೋನ್ ಮಾನ ಮುಚ್ಚಾಕೆ ತನ್ ಮ್ಯಾಲೆ ಆಕ್ಕತಾವ್ನೆ ನಮ್ ಹೈದ. ದೊಡ್ಡ ಮನ್ಸು ಕಣ್ಲಾ ನಿಂದು."

ಡಾಕ್ಟರು ಹೌದು ಹೌದು ಎಂದು ತಲೆಯಾಡಿಸಿದರು. ಫಾರ್ಮಸಿಸ್ಟ್ ನನ್ನ ಕೈ ಕುಲುಕಿದ. ಇಲ್ಲ, ನಿಜವಾಗಿ, ಎಂದು ನಾನು ಮತ್ತೆ ಶುರುಮಾಡಿದೆ. ಎಲ್ಲರೂ ಇನ್ನಷ್ಟು ಮೆಚ್ಚಿದರು.

ಅವರ ಹೆಂಡತಿ ಬಾಟಲಿ ಎತ್ತಿ ಹೊಸಿಲಾಚೆ ಇಟ್ಟು ಬಂದರು. ಕೈ ತೊಳೆದುಕೊಂಡರು. ಅಧ್ಯಕ್ಷರು ತಮಗೆ ಶುಗರ್ ಇದೆ, ಊಟ ಬೇಡ ಎಂದು ಹೊರಟರು. ಡಾಕ್ಟರು ಅವರ ಹಿಂದೆ ಹೋದರು. ನಾನು ಎಲೆಯ ಮುಂದೆ ಕೂತೆ. ಆ ಕಾಲೋನಿಯಲ್ಲಿ ನಾನು ಊಟಕ್ಕೆ ಕೂತದ್ದು ಅದೇ ಮೊದಲು. ಆಕೆ ಬಂದು ಮುದ್ದೆ ಇಟ್ಟು, ಸಾರು ಬಿಟ್ಟು, ನನಗೊಬ್ಬನಿಗೇ ಕೇಳುವ ಹಾಗೆ ಅಂದರು:

"ಅವ್ರಿದ್ದಾಗ ಯೋಳಿದ್ರೆ ಅವ್ರಾದ್ರೂ ನಂಬೋರು ಸಾ. ಉಣ್ಣಿ."